ಪುಡ್ಡಿಂಗಿಗೆ ಎರಡು ಗಂಟೆ ಹಬೆ

ಬಿಲ್ಡರ್ ಹತ್ತಿರ ಚೌಕಾಸಿ ಮಾಡಿ ಅಡುಗೆಮನೆಗೆ ಕಲ್ಲಿನ ಕಟ್ಟೆಯನ್ನು ಪುಕ್ಕಟೆ ಹಾಕಿಸಿಕೊಂಡವಳು ನಾನು. ಆಸ್ಟ್ರೇಲಿಯಾದ ಈ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಕಟ್ಟಿಸುವ ಕನ್ನಡದವರು ಇಂದಿಗೂ ನನ್ನನ್ನು ಕೇಳಿಯೇ ಸಹಿ ಹಾಕುತ್ತಾರೆ. ಪುಡ್ಡಿಂಗ್ ವಿಷಯದಲ್ಲೂ ನನ್ನ ಮಾತು ಕೇಳುವುದು ಒಳ್ಳೆಯದು.

ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜಿ ನಿವೃತ್ತ ನರ್ಸ್. ಪ್ರತಿ ನವೆಂಬರಿನಲ್ಲಿ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಪುಡ್ಡಿಂಗನ್ನು ಹಬೆಯಲ್ಲಿ ಬೇಯಿಸಿ, ಬಟ್ಟಲಿಗೆ ಬಟ್ಟೆ ಕಟ್ಟಿ ತಂದುಕೊಡುತ್ತಿದ್ದರು.

"ನಿಮಗೋಸ್ಕರ ದನದ ಕೊಬ್ಬು ಹಾಕಿಲ್ಲ, ಬೆಣ್ಣೆ ಹಾಕಿದೀನಿ. ಕ್ರಿಸ್ಮಸ್ ದಿನ ಎರಡು ಗಂಟೆ ಹಬೇಲಿಟ್ಟು ಬಿಸಿ ಮಾಡು."

ಇಡ್ಲಿ ಬೇಯುವುದಕ್ಕೇ ಹತ್ತು ನಿಮಿಷ. ಬೆಂದದ್ದನ್ನು ಬಿಸಿ ಮಾಡಲು ಎರಡು ಗಂಟೆಯೇ, ಅದೂ ಡಿಸೆಂಬರಿನ ಸುಡುಬಿಸಿಲಲ್ಲಿ? ಹಾಗಾಗಿ ಅರಿಶಿನ ಕುಂಕುಮದಲ್ಲಿ ಬಂದ ರವಿಕೆ ಕಣಕ್ಕೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡುತ್ತಿದ್ದೆ. ಬಿಚ್ಚದೆ, ಮುಂದಿನ ಮನೆಗೆ ದಾಟಿಸುತ್ತಿದ್ದೆ. ಅಜ್ಜಿ ಕೇಳಿದರೆ "ಸೂಪರ್" ಎನ್ನುತ್ತಿದ್ದೆ. ಹೋದ ವರ್ಷವಂತೂ "ಇದುವರೆಗಿನದರಲ್ಲಿ ಇದೇ ಬೆಸ್ಟ್" ಎಂದಿದ್ದೆ. ಹೊಗಳಿಕೆಗೆ ಖರ್ಚಿಲ್ಲ.

ಈ ಸಲ ಪ್ಲಾಸ್ಟಿಕ್ ಬದಲು ಪಿಂಗಾಣಿ ಬಟ್ಟಲು ಬಂತು. ಅಂದವಾಗಿತ್ತು. ಕ್ಯಾನಿಂಗ್ಟನ್‌ನಲ್ಲಿರುವ ನಮ್ಮ ಕನ್ನಡದ ಡಾಕ್ಟರ ಮನೆಗೆ ತಕ್ಕದ್ದೆಂದು ಅಲ್ಲಿಗೆ ದಾಟಿಸಿದೆ.

ಕ್ರಿಸ್ಮಸ್ಸಿಗೆ ಐದು ದಿನವಿರುವಾಗ, ಬ್ರಿಸ್ಬೇನಿನ ಮಗಳು ಬರುತ್ತಿಲ್ಲವೆಂದು ಅಜ್ಜಿ ಬೇಲಿಯಾಚೆಯಿಂದ ಹೇಳಿದರು. ಬಾಯಿಮಾತಿಗೆ ಆ ದಿನದ ಊಟಕ್ಕೆ ಕರೆದೆ.

"ಬರ್ತೀನಿ. ಆ ಪುಡ್ಡಿಂಗನ್ನೇ ತಿನ್ನೋಣ. ಬಟ್ಟಲು ನಮ್ಮಮ್ಮಂದು. ಕೈಗೆ ಶಕ್ತಿ ಇಲ್ಲ, ಇದೇ ನನ್ನ ಕೊನೇದು. ಮಗಳಿಗೆ ಬಟ್ಟಲೂ ಬೇಡ, ಕಲಿಯೋದೂ ಬೇಡ."

ಒಳಗೆ ಬಂದವಳೇ ಡಾಕ್ಟರ ಹೆಂಡತಿಗೆ ಫೋನ್ ಮಾಡಿದೆ.

"ಆಂಟಿ, ಕೊಟ್ಟಿದ್ದನ್ನ ವಾಪಸ್ ಕೇಳ್ತಿದೀರಾ?"

"ಕೇಳ್ತಿಲ್ಲ ಕಣಮ್ಮ, ಬದಲಾಯಿಸ್ಕೋತಿದೀನಿ. ಒಂದು ಕೆಜಿ ಮೈಸೂರು ಪಾಕ್ ಕೊಡ್ತೀನಿ."

"ಆ ಪುಡ್ಡಿಂಗನ್ನ ನಮ್ಮ ನಾದಿನಿಗೆ ಅಂತ ಆಗ್ಲೇ ಪ್ಯಾಕ್ ಮಾಡ್ಬಿಟ್ಟಿದೀನಿ. ಎರಡು ಕೆಜಿ ಆಗತ್ತೆ."

"ಒಂದೂವರೆ."

"ಎರಡು, ಆಂಟಿ. ನೀವೇ ಬಂದು ತಗೊಂಡ್ಹೋಗ್ಬೇಕು."

ಅವಳಿಗೆ ಚೌಕಾಸಿ ಕಲಿಸಿದವಳು ನಾನೇ. ಎರಡು ಕೆಜಿ ಹೊತ್ತುಕೊಂಡು ಹೋದೆ.

ಕ್ರಿಸ್ಮಸ್ ದಿನ ಬಟ್ಟಲನ್ನು ಇಡ್ಲಿ ಪಾತ್ರೆಯಲ್ಲಿಟ್ಟೆ. ಒಂದು ಸಲಹೆ: ತಳದ ನೀರಿಗೆ ಒಂದು ನಾಣ್ಯ ಹಾಕಿ. ಅದರ ಗಡಗಡ ನಿಂತರೆ ನೀರು ಬತ್ತಿದೆಯೆಂದು ಅರ್ಥ. ಮತ್ತೆ ಸುರಿಯುವಾಗ ಕುದಿಯುವ ನೀರನ್ನೇ ಸುರಿಯಿರಿ. ಇಷ್ಟು ಬಲ್ಲ ನಾನು, ಒಂದು ಗಂಟೆಗೇ ಬಟ್ಟಲು ಕೈ ಸುಟ್ಟಿದ್ದರಿಂದ ಒಲೆ ಆರಿಸಿಬಿಟ್ಟೆ.

ಅಜ್ಜಿ ಬಂದು ಪುಡ್ಡಿಂಗಿನ ನಡುವಿಗೆ ಚಾಕು ಚುಚ್ಚಿ, ಅದನ್ನು ಮಣಿಕಟ್ಟಿಗೆ ತಾಗಿಸಿ ನೋಡಿದರು, ಜ್ವರ ನೋಡುವವರ ಹಾಗೆ.

"ಒಳಗಡೆ ತಣ್ಣಗಿದೆ. ಇನ್ನೊಂದು ಗಂಟೆ ಇಡು."

ಇಟ್ಟೆ. ನಮ್ಮೆಜಮಾನರೂ ಸೇರಿ ಮೂವರೂ ಕಾಯುತ್ತ ಕೂತೆವು.

"ನೀನು ಹೋದ ವರ್ಷದ್ದು ಬೆಸ್ಟ್ ಅಂದಿದ್ದೆ, ಅಲ್ವಾ?" ಅಜ್ಜಿ ಕೇಳಿದರು.

"ಹೌದು."

"ಅದಕ್ಕೆ ನಾನು ಸಕ್ಕರೆ ಅಂತ ಉಪ್ಪು ಸುರಿದುಬಿಟ್ಟಿದ್ದೆ. ಜೊತೆಗೇ ಮಾಡಿಕೊಂಡಿದ್ದ ನನ್ನದನ್ನ ಬಾಯಿಗಿಟ್ಟಾಗಲೇ ಗೊತ್ತಾಗಿದ್ದು. ಸಾರಿ ಕೇಳೋಕೆ ಬಂದರೆ ನೀನು ಹಾಗಂದೆ."

ನಮ್ಮೆಜಮಾನರು ಎದ್ದು ತೋಟಕ್ಕೆ ನೀರು ಬಿಡಲು ಹೋದರು. ಹೋದ ವರ್ಷದ ಪುಡ್ಡಿಂಗನ್ನು ನನ್ನಿಂದ ಕೊಂಡೊಯ್ದ, ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ವಿದ್ಯಾರ್ಥಿನಿ ನನ್ನ ಫೋನ್ ಏಕೆ ಎತ್ತುವುದಿಲ್ಲ ಎಂಬುದು ಅಂದು ತಿಳಿಯಿತು.

"ನಾನು ಒಂದನ್ನೂ ತಿಂದಿಲ್ಲ," ಎಂದೆ.

"ಗೊತ್ತು. ಇವತ್ತು ತಿಂತೀಯ."

ತಿಂದೆ. ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಅಜ್ಜಿ ನಾನು ತಿನ್ನುವುದನ್ನೇ ನೋಡುತ್ತಿದ್ದರು. ಆಮೇಲೆ ಬಟ್ಟಲನ್ನು ತಾವೇ ತೊಳೆದು, ಒರೆಸಿ, ನನ್ನ ಪುಕ್ಕಟೆ ಕಟ್ಟೆಯ ಮೇಲಿಟ್ಟರು.

"ಇದು ಇಲ್ಲೇ ಇರಲಿ. ಅಕ್ಟೋಬರಲ್ಲಿ ಬರ್ತೀನಿ. ನಾನು ಹೇಳ್ತೀನಿ, ನೀನು ಕಲಸು."

"ಬಿಸಿ ಮಾಡೋಕೆ ಒಂದೂವರೆ ಗಂಟೆ ಸಾಕಾಗಲ್ವಾ?"

"ಎರಡು," ಎಂದರು. ಬಿಲ್ಡರ್ ಕೂಡ ಇಷ್ಟು ಗಟ್ಟಿಯಿರಲಿಲ್ಲ.