ಶಾಂತಕ್ಕನ ಬನ್ನಿ

ಗೆಳೆಯರೇ, ಈ ದಸರೆಯ ಬನ್ನಿ ಮೊದಲು ಮೊಬೈಲಿಗೇ ಬಂತು. ಕಳಿಸಿದವರು ವಿದ್ಯಾಗಿರಿಯ ನಮ್ಮ ಪಕ್ಕದ ಮನೆಯ ಶಾಂತಕ್ಕ. ಬೇಸಿಗೆಯಲ್ಲಿ ಅವರು ಒಣಹಾಕಿದ್ದ ಸಂಡಿಗೆಯ ಮೇಲೆ ನಾನು ನೀರು ಚೆಲ್ಲಿದಾಗಿನಿಂದ ನಮಗೆ ಮಾತಿಲ್ಲ. ಆದರೂ ದಿನಾ ಬೆಳಿಗ್ಗೆ ಕ್ಷಮೆಯ ಬಗ್ಗೆ ಒಂದು ಸುವಿಚಾರ ಬರುತ್ತದೆ, ಗುಲಾಬಿ ಹೂವಿನ ಸಮೇತ.

ಕುತೂಹಲ ತಡೆಯಲಾಗಲಿಲ್ಲ. ನಿಜವಾದ ಬನ್ನಿ ಎಲೆ ಹಿಡಿದು ಅವರ ಬಾಗಿಲಿಗೇ ಹೋಗಿ ಕೇಳಿದೆ.

“ಅಕ್ಕಾರ, ಮೊಬೈಲಿನ್ಯಾಗಿನ ಬನ್ನಿ ನನಗಂತ ಕಳಿಸೀರೇನ್ರಿ?”

“ಎಲ್ಲಾರಿಗೂ ಹೋಗೇತಿ. ಆ ಪಟ್ಟಿಯಾಗಿಂದ ನಿನ್ನ ಹೆಸರು ತಗಿಯಾಕ ನನಗ ಬರಂಗಿಲ್ಲ.”

ಎದುರಿಗೆ ಹಿಡಿದ ಬನ್ನಿಯನ್ನು ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಮುಖ ತಿರುಗಿಸಿಕೊಂಡೇ ತೆಗೆದುಕೊಂಡು, “ಬಂಗಾರದಂಗ ಇರೂಣು” ಎಂದರು.

ಹೆಸರು ತೆಗೆಯುವುದು ಹೇಗೆಂದು ಗೊತ್ತಿದ್ದವರು ದಯವಿಟ್ಟು ಶಾಂತಕ್ಕನಿಗೆ ಹೇಳಿಕೊಡಬೇಡಿ.