ಕಾಲುಂಗುರ ತೆಗೆದ ದಿನ

ನನ್ನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಂಟಿದೆ. ಅವ್ವನಿಗೂ ಇತ್ತು. ಹೆಬ್ಬೆರಳು ತನ್ನ ಜಾಗ ಬಿಟ್ಟು ಪಕ್ಕದ ಬೆರಳಿನ ಮೈಮೇಲೆ ವಾಲಿರುತ್ತದೆ, ಮೂಳೆ ಹೊರಗೆ ಉಬ್ಬಿಕೊಂಡು ನಿಲ್ಲುತ್ತದೆ. ಅದಿರಿನ ಲಾರಿಗಳು ಹಗಲು ರಾತ್ರಿ ಎನ್ನದೆ ಓಡುತ್ತಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಜಂಪರು ಹೊಲಿಯುತ್ತಿದ್ದೆ. ಊರಲ್ಲಿ ದುಡ್ಡು ಓಡಾಡುತ್ತಿತ್ತು. ಹೆಂಗಸರಿಗೆ ಪ್ರತಿ ಮದುವೆಗೂ ಹೊಸ ಜಂಪರು ಬೇಕು, ಅದೂ ನಾಳೆಗೇ ಬೇಕು. ನನ್ನದು ಕಾಲಿನಿಂದ ತುಳಿಯುವ ಮಷೀನು. ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದಿಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು.

ನಾನು ಬೈಯುತ್ತಿದ್ದುದು ಗಂಟನ್ನಲ್ಲ, ಕಾಲುಂಗುರವನ್ನು. ಹೆಬ್ಬೆರಳು ಒತ್ತಿದಾಗಲೆಲ್ಲ ಬೆಳ್ಳಿಯ ಅಂಚು ಎರಡನೆಯ ಬೆರಳನ್ನು ಕಚ್ಚುತ್ತಿತ್ತು. ತವರಿಗೆಂದು ಕಂಪ್ಲಿಗೆ ಹೋದಾಗಲೆಲ್ಲ ಅಕ್ಕಸಾಲಿಗನ ಮುಂದೆ ಕಾಲು ಚಾಚಿ ಕೂರುತ್ತಿದ್ದೆ.

“ತಗದು ಕೊಡ್ರೀ ಅಕ್ಕಾರ, ಚಂದಂಗ ಸಡಿಲ ಮಾಡಿಕೊಡ್ತೀನಿ” ಎನ್ನುತ್ತಿದ್ದ ಅವನು.

“ಬೆರಳಾಗ ಇರಲಿ, ಹಂಗ ಮಾಡು.”

ಅವನು ಗೊಣಗುತ್ತ, ಅದು ನನ್ನ ಬೆರಳಲ್ಲೇ ಇರುವಂತೆ, ಉಂಗುರದ ಬಾಯನ್ನು ಇಕ್ಕಳದಿಂದ ಅಗಲಿಸುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಗಂಡ ಇರುವ ತನಕ ಅದು ಬೆರಳು ಬಿಟ್ಟು ಬರಬಾರದು. ನನ್ನ ಗಂಡನಂತೂ ಸಂಡೂರಿನ ಗಣಿಯಿಂದ ಅದಿರು ತರುವ ಟಿಪ್ಪರಿನ ಡ್ರೈವರ್. ಆ ರಸ್ತೆಯಲ್ಲಿ ಲಾರಿ ಪಲ್ಟಿಯಾದ ಸುದ್ದಿ ಹಾಲಿನವನಿಗಿಂತ ಮೊದಲು ಓಣಿಗೆ ಬರುತ್ತಿತ್ತು. ಸುದ್ದಿ ಬಂದಾಗಲೆಲ್ಲ ನಾನು ಮೊದಲು ನೋಡಿಕೊಳ್ಳುತ್ತಿದ್ದುದು ನನ್ನ ಕಾಲನ್ನೇ.

ಕೊನೆಗೆ ನೋವು ತಾಳಲಾರದೆ ಮೂಳೆ ಡಾಕ್ಟರ ಹತ್ತಿರ ಹೋದೆ. ನನ್ನ ವಯಸ್ಸಿನವರೇ, ಹೆಂಗಸು. ಎಕ್ಸ್‌ರೇ ನೋಡಿದರು, ನನ್ನ ಚೂಪು ಮೂತಿಯ ಚಪ್ಪಲಿ ನೋಡಿದರು, ನನ್ನ ಮುಖ ನೋಡಿದರು.

“ಆಪರೇಶನ್ ಮಾಡಿಬಿಡ್ರಿ” ಎಂದೆ. ನನಗೆ ಯಾವುದಕ್ಕೂ ಕಾಯುವ ತಾಳ್ಮೆ ಇಲ್ಲ.

“ಮೂಳೆ ಕೊಯ್ದು ಸರಿಯಾಗಿ ಕೂಡಿಸಬೇಕಾಗತೈತ್ರಿ. ವಾರಗಟ್ಟಲೆ ಆ ಕಾಲಿನ ಮ್ಯಾಲೆ ಭಾರ ಹಾಕಂಗಿಲ್ಲ, ಮಷೀನು ತುಳಿಯಂಗಿಲ್ಲ. ಬಾವು ಇಳಿಯಾಕ ತಿಂಗಳುಗಟ್ಟಲೆ ಬೇಕು. ಒಬ್ಬೊಬ್ಬರಿಗೆ ಗಂಟು ಮತ್ತ ಬರತೈತಿ. ಕಾಲು ಚಂದ ಕಾಣ್ಲಿ ಅಂತ ಯಾರೂ ಮಾಡಿಸಬಾರದು. ಬರಿಗಾಲಾಗ ನಡದ್ರೂ ಇಷ್ಟ ನೋವು ಐತೇನ್ರಿ?”

ನಾನು ಯೋಚಿಸಿದೆ. ಹಂಪಿಗೆ ಹೋದಾಗ ಗುಡಿಯ ಕಲ್ಲುಹಾಸಿನ ಮೇಲೆ ಎಷ್ಟು ತಿರುಗಿದರೂ ಗಂಟು ಸುಮ್ಮನಿರುತ್ತಿತ್ತು, ಉಂಗುರವೊಂದೇ ಕಚ್ಚುತ್ತಿತ್ತು. ಹಾಗೆಂದೇ ಹೇಳಿದೆ.

“ಹಂಗಾದ್ರ ಒಂದು ತಿಂಗಳು ಆ ಉಂಗುರ ತಗೀರಿ, ಅಗಲ ಚಪ್ಪಲಿ ಹಾಕ್ರಿ. ಆಮ್ಯಾಲೂ ನೋವು ನಿಮ್ಮ ಕೆಲಸ ಕೆಡಿಸಿದ್ರ ಬರ್ರಿ, ಆಪರೇಶನ್ ಮಾಡೂಣು.”

“ಉಂಗುರ ಬ್ಯಾಡ್ರಿ. ಮೂಳೆನ ಕೊಯ್ರಿ.”

ಡಾಕ್ಟರು ನಗಲಿಲ್ಲ. “ಕೊಯ್ಯಬೇಕಂದ್ರೂ ಅದನ್ನ ಮೊದಲು ತಗೀಬೇಕಾಗತೈತಿ” ಎಂದರು.

ಮನೆಗೆ ಬಂದು ಮಷೀನಿನ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಒಂದು ತೋಳನ್ನು ತಿರುವುಮುರುವು ಹೊಲಿದು ಬಿಚ್ಚಿದೆ. ಕಣ್ಣ ಮುಂದೆ ಅವ್ವನೇ ಬರುತ್ತಿದ್ದಳು. ಅಪ್ಪ ಹೋದ ಮರುವರ್ಷ ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ಅವಳ ಕಾಲು ತಿಕ್ಕುತ್ತ, ಗಂಟು ನೋಯುತ್ತದೆಯೇ ಎಂದು ಕೇಳಿದ್ದೆ. “ಈಗ ನೋವಿಲ್ಲ ಬಿಡವ್ವ” ಎಂದಿದ್ದಳು. ಅಂದವಳೇ ಗಾಬರಿಯಾಗಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ಉಂಗುರ ಹೋದ ಮೇಲೆ ಬೆರಳಿಗೆ ಸುಖವಾಗಿತ್ತು, ಆ ಸುಖ ಅವಳಿಗೆ ಪಾಪದಂತೆ ಕಂಡಿತ್ತು. ನನಗೆ ಅವ್ವನ ಗಂಟು ಬಂದಿತ್ತು. ಅವ್ವನ ಆ ಸುಖ ಮಾತ್ರ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ನನ್ನ ಗಂಡ ರೊಟ್ಟಿ ತಿನ್ನುವಾಗ ಎಲ್ಲ ಹೇಳಿದೆ. ಅವರು ಎದ್ದು ಕೈ ತೊಳೆದು, ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತರು.

“ಬ್ಯಾಡ್ರೀ” ಎಂದೆ.

“ಸುಮ್ಮ ಕುಂದ್ರು. ತೊಡಿಸಿದಾಂವ ನಾನು, ತಗ್ಯಾಂವನೂ ನಾನ.” ಎಣ್ಣೆ ಹಚ್ಚಿ ತಿರುವಿ ತಿರುವಿ ಎಳೆದರು. ಬೆರಳ ಮೇಲೆ ಬಿಳಿಯ ಗೀರೊಂದು ಉಳಿಯಿತು. ಉಂಗುರವನ್ನು ಒರೆಸಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. “ನನ್ನ ಜೀವ ಇದರಾಗ ಐತಿ ಅಂದ್ರ ನನ್ನ ಹತ್ರನ ಇರಲಿ ಬಿಡು” ಎಂದು ಚೇಷ್ಟೆ ಮಾಡಿ ಟಿಪ್ಪರು ತರಲು ಹೋದರು.

ಆ ತಿಂಗಳು ಕಳೆದ ಮೇಲೆ ಡಾಕ್ಟರು ಕಾಲು ನೋಡಿ, ಸದ್ಯಕ್ಕೆ ಆಪರೇಶನ್ ಬೇಡ ಎಂದರು. ಗಂಟು ಹಾಗೇ ಇತ್ತು, ಹೆಚ್ಚು ಹೊತ್ತು ತುಳಿದರೆ ಗುರುಗುಟ್ಟುತ್ತಿತ್ತು, ಅಷ್ಟೆ. ಆದರೆ ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಆ ಮೊದಲ ದಿನ.

ಅಂದು ಸಂಜೆ ಅವರು ಬರುವ ಹೊತ್ತಿಗೆ ಬರಲಿಲ್ಲ. ಫೋನು ಹತ್ತಲಿಲ್ಲ, ಘಾಟಿನಲ್ಲಿ ಎಂದೂ ಹತ್ತುತ್ತಿರಲಿಲ್ಲ, ಆದರೂ ಒತ್ತುತ್ತಲೇ ಇದ್ದೆ. ಮನೆಯೊಳಗೆ ನಿಲ್ಲಲಾಗಲಿಲ್ಲ. ಓಣಿ ದಾಟಿ, ಬಜಾರು ದಾಟಿ ಸಂಡೂರು ರಸ್ತೆಯ ತನಕ ನಡೆದೆ. ಕೆಂಪು ಧೂಳಿನಲ್ಲಿ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಒಂದೂ ನಮ್ಮದಲ್ಲ. ಅಲ್ಲಿ ನಿಂತಾಗಲೇ ಗೊತ್ತಾಯಿತು, ಅಷ್ಟು ದೂರ ಕುಂಟದೆ ಬಂದಿದ್ದೆ. ನೋಯಬಾರದೇ ಎಂದು ನನ್ನ ಕಾಲನ್ನು ನಾನೇ ಬೈದೆ. ಗಂಟನ್ನು ರಸ್ತೆ ಬದಿಯ ಕಲ್ಲಿಗೆ ಒತ್ತಿ ನೋಡಿದೆ.

ಆಗ ಒಂದು ಟಿಪ್ಪರು ಬದಿಗೆ ಬಂದು ನಿಂತಿತು. ಹುಬ್ಬಿನ ತನಕ ಧೂಳು ಮೆತ್ತಿಕೊಂಡ ಮುಖ ಕಿಟಕಿಯಿಂದ ಹೊರಗೆ ಬಂತು. ಘಾಟಿನಲ್ಲಿ ಯಾರದೋ ಲಾರಿ ಕೆಟ್ಟು ಸಾಲು ನಿಂತಿತ್ತಂತೆ. ಅವರು ಕೆಳಗಿಳಿದು, ಇಲ್ಲೇಕೆ ಬಂದೆ ಎಂದೂ ಕೇಳದೆ, ನನ್ನ ಪಾದ ನೋಡಿದರು.

“ಕಾಲು ಹೆಂಗೈತಿ?”

“ಈಗ ನೋವಿಲ್ಲ” ಎಂದೆ. ಅವ್ವ ಹೇಳಿದ ಮಾತೇ ನನ್ನ ಬಾಯಿಂದ ಬಂದಿತ್ತು. ಕೇಳಿಸಿಕೊಳ್ಳಲು ಇವರು ಎದುರಿಗೆ ನಿಂತಿದ್ದರು. ನಡುರಸ್ತೆ ಎಂಬುದನ್ನೂ ನೋಡದೆ ಅತ್ತುಬಿಟ್ಟೆ.