ಅವಳಿಗೆ ಮೊದಲೇ ಗೊತ್ತಿದ್ದ ಝಳ

ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಬೆನ್ನು ನೋವು ಹೊಸದಲ್ಲ. ಬೈಲಹೊಂಗಲದಿಂದ ಯರಗಟ್ಟಿ, ಅಲ್ಲಿಂದ ಸವದತ್ತಿ, ಮತ್ತೆ ವಾಪಸ್. ಆ ಸೀಟಿನಲ್ಲಿ ಕೂತು ಕೂತೇ ಸೊಂಟ ಸವೆದಿದೆ ಎಂದು ನಂಬಿದ್ದೆ. ನಿವೃತ್ತನಾದ ಮೇಲೆ ನೋವು ಹೆಚ್ಚಾದಾಗಲೂ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಿದ್ದೆ. ಒಂದು ದಿನ ಮೂತ್ರ ಕಟ್ಟಿ ಒದ್ದಾಡಿದಾಗ ಹೆಂಡತಿಯೇ ಹಟ ಹಿಡಿದು ಬೆಳಗಾವಿಗೆ ಕರೆದುಕೊಂಡು ಹೋದಳು. ಪರೀಕ್ಷೆಗಳೆಲ್ಲ ಮುಗಿದಾಗ ಗೊತ್ತಾಯಿತು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು, ಆಗಲೇ ಬೆನ್ನೆಲುಬಿಗೆ ಹಬ್ಬಿದೆ.

ಡಾಕ್ಟರು ನನ್ನ ಮಗನ ವಯಸ್ಸಿನವರು. "ಕಾಕಾ, ಇದನ್ನ ಪೂರ್ತಿ ತಗದ ಹಾಕಾಕ ಆಗೂದಿಲ್ಲ. ಆದ್ರ ಹಿಡದ ಇಡಾಕ ಬರತೈತಿ" ಎಂದರು. ಗಂಡಸಿನ ಹಾರ್ಮೋನನ್ನು ಉಂಡು ಈ ರೋಗ ಬೆಳೆಯುತ್ತದಂತೆ, ಅದನ್ನು ನಿಲ್ಲಿಸಬೇಕು. ಅದಕ್ಕೆ ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲವೇ ಒಂದೇ ಸಲ ಸಣ್ಣ ಆಪರೇಷನ್ ಮಾಡಿ ವೃಷಣ ತೆಗೆಸುವುದು. ಯಾವುದನ್ನು ಆರಿಸಿದರೂ ಜೊತೆಗೆ ಗುಳಿಗೆ. "ಮನ್ಯಾಗ ಮಾತಾಡಿ ಬರ್ರಿ" ಎಂದರು.

ಈ ಮಾತು ನಡೆಯುವಾಗ ನಾಚಿಕೆಯಿಂದ ಹೆಂಡತಿಯನ್ನು ಹೊರಗೇ ಕೂರಿಸಿದ್ದೆ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವಳು ಜೋಳ ಹಸನು ಮಾಡುತ್ತಿದ್ದಾಗ ಗೋಡೆ ನೋಡುತ್ತ ಎಲ್ಲ ಹೇಳಿದೆ.

"ಇಷ್ಟ ಹೇಳಾಕ ಎರಡ ದಿನ ಬೇಕಾತೇನ್ರಿ?"

"ನಾಚಿಕಿ ಆತು."

"ನಿಮ್ಮ ಎರಡ ಮಕ್ಕಳನ್ನ ಹಡದಾಕಿ ಮುಂದ ಎಂಥಾ ನಾಚಿಕಿ?" ಎಂದು ಮೊರ ಪಕ್ಕಕ್ಕಿಟ್ಟಳು. "ನಿಮ್ಮ ಮನಸ್ಸು ಯಾವುದಕ್ಕ ಒಪ್ಪತೈತಿ ಅದನ್ನ ಮಾಡಸ್ಕೋರಿ. ನನಗ ನೀವು ಇದ್ರ ಸಾಕು."

ಆಪರೇಷನ್ನಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಏಕೆಂದು ಅವಳು ಕೇಳಲೂ ಇಲ್ಲ. ಇಂಜೆಕ್ಷನ್ ಶುರುವಾಯಿತು, ಕೆಲವೇ ವಾರಗಳಲ್ಲಿ ಬೆನ್ನು ಹಗುರಾಯಿತು.

ಆದರೆ ಥಂಡಿಯ ದಿನಗಳಲ್ಲೂ, ಚಹಾ ಕುಡಿಯುತ್ತ ಕೂತಾಗಲೇ, ಎದೆಯಿಂದ ನೆತ್ತಿಯವರೆಗೆ ಬೆಂಕಿಯ ಝಳ ಏರತೊಡಗಿತು. ಅಂಗಿ ತೊಯ್ಯುವಷ್ಟು ಬೆವರು. ಸಾವೇ ಬಂತೆಂದು ಹೆದರಿದೆ. ಹೆಂಡತಿ ಒದ್ದೆ ಟವೆಲ್ಲನ್ನು ನನ್ನ ಕುತ್ತಿಗೆಗೆ ಹಾಕಿ ನಕ್ಕಳು.

"ಇದು ಹಂಗ ಬರತೈತಿ, ಹಂಗ ಹೋಗತೈತಿ. ಮುಟ್ಟು ನಿಲ್ಲೂ ಮುಂದ ನನಗೂ ಬರತಿತ್ತು. ಎರಡ ವರ್ಷ."

"ನನಗ ಹೇಳಲೇ ಇಲ್ಲಲ್ಲ?"

"ಹೇಳಿದ್ದೆ. ಫ್ಯಾನ್ ಹಚ್ಚಬ್ಯಾಡ, ಥಂಡಿ ಆಗತೈತಿ ಅಂದ್ರಿ ನೀವು."

ನನಗೆ ನೆನಪೇ ಇರಲಿಲ್ಲ. ಡ್ಯೂಟಿಯಿಂದ ದಣಿದು ಬಂದು ಹಾಗೆ ಅಂದಿರಲೂಬಹುದು. ಅವಳ ಕೈ ಹಿಡಿದುಕೊಂಡೆ. "ಸಾಕ ಬಿಡ್ರಿ, ಬೆವರ ಹತ್ತತೈತಿ" ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಒಂದೂವರೆ ವರ್ಷ ಚೆನ್ನಾಗಿ ಹೋಯಿತು. ಆಮೇಲೆ ರಕ್ತಪರೀಕ್ಷೆಯಲ್ಲಿ ರೋಗದ ಮಟ್ಟ ತೋರಿಸುವ ಅಂಕಿ ಮತ್ತೆ ಏರಿತು. ಈಗ ಮೂರು ವಾರಕ್ಕೊಮ್ಮೆ ಕೀಮೋ ಕೊಡಬೇಕು, ಅಂಥ ಆರು ಸಲ ಎಂದರು ಡಾಕ್ಟರು. ಕೀಮೋ ತೆಗೆದುಕೊಂಡು ಕಡ್ಡಿಯಾದ ಒಬ್ಬ ಹಳೆಯ ಕಂಡಕ್ಟರನನ್ನು ನೋಡಿದ್ದೆ. ಬೇಡ ಎನ್ನಲು ಸಿದ್ಧನಾಗಿದ್ದೆ. ಈ ಸಲ ಹೆಂಡತಿ ಒಳಗೇ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

"ಇವರು ನಡದಾಡತಾರೇನ್ರಿ? ಊಟ ಸೇರತೈತೇನ್ರಿ?" ಎಂದು ಕೇಳಿದಳು.

"ಒಂದೀಟ ದಿನ ಸೇರೂದಿಲ್ರಿ ಕಾಕು. ತಡ್ಕೊಳ್ಳಾಕ ಆಗಲಿಲ್ಲಂದ್ರ ಅಲ್ಲಿಗೇ ನಿಲ್ಲಸೂಣು" ಎಂದರು ಡಾಕ್ಟರು.

ನಡುವೆ ನಿಲ್ಲಿಸಬಹುದು ಎಂಬ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಒಪ್ಪಿಕೊಂಡೆ.

ಕೂದಲು ಹೋಯಿತು, ಮೀಸೆಯೂ ಹೋಯಿತು. ಮೀಸೆ ಹೋದ ದಿನ ಕನ್ನಡಿ ಮುಂದೆ ಕಣ್ಣು ತುಂಬಿತು. "ಲಗ್ನದಾಗ ಹಿಂಗ ಇದ್ರಿ. ಎಳೀ ಹುಡುಗ ಕಂಡಂಗ" ಎಂದು ಹೆಂಡತಿ ಗಲ್ಲ ಸವರಿದಳು. ಬಾಯಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಅವಳು ಮಾಡಿದ್ದೆಲ್ಲ ಹಿಟ್ಟಿನಂತೆ. ಆದರೂ ಅವಳ ಮುಖ ನೋಡಿ ಎರಡು ತುತ್ತು ನುಂಗುತ್ತಿದ್ದೆ.

ಆರೂ ಮುಗಿದವು. ಅಂಕಿ ಇಳಿದಿದೆ. ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಕೀಮೋದಿಂದಾಗಿ ಬೆರಳ ತುದಿಗಳು ಇನ್ನೂ ಜುಮ್ಮೆನ್ನುತ್ತವೆ.

ಕಳೆದ ವಾರ ಅವಳು ಪುಂಡಿಪಲ್ಯ ಮಾಡಿದ್ದಳು. ಬಿಸಿ ರೊಟ್ಟಿಗೆ ಹಚ್ಚಿ ಒಂದು ತುತ್ತು ತಿಂದೆ. "ಉಪ್ಪು ಕಡಿಮಿ ಆಗೇತಿ" ಎಂದೆ. ಇಡೀ ಸಂಸಾರದುದ್ದಕ್ಕೂ ಈ ಮಾತಿಗೆ ಜಗಳಕ್ಕೆ ನಿಲ್ಲುತ್ತಿದ್ದವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತ, ಉಪ್ಪು ತರಲು ಒಳಗೆ ಹೋದಳು.